ಬಾಣಂತಿ ಕೋಣೆಯಲ್ಲಿ ಬಸ್ಸಿನ ಎಂಜಿನ್ನು

ನೆನೆಹಾಕಿದ ಅವರೆಕಾಳನ್ನು ಹಿತುಕುವುದಕ್ಕೆ ಕೋಪ ಬಂದವರನ್ನೇ ಕೂರಿಸಬೇಕೆಂಬುದು ನನ್ನ ಬಹುಕಾಲದ ಅಭಿಪ್ರಾಯ. ಶಾಂತಚಿತ್ತರು ಕೂತರೆ ಒಂದೊಂದು ಕಾಳನ್ನೂ ಮಾತಾಡಿಸಿ, ಯೋಗಕ್ಷೇಮ ವಿಚಾರಿಸಿ, ಸಿಪ್ಪೆ ಬಿಡಿಸುವ ಹೊತ್ತಿಗೆ ಬಿಸಿಲು ನಡುಮನೆಗೆ ಬಂದಿರುತ್ತದೆ. ಸಿಟ್ಟಿನವರ ಬೆರಳಿಗೆ ಸಿಕ್ಕ ಕಾಳಾದರೋ ಸಿಪ್ಪೆಯನ್ನು ಅಲ್ಲೇ ಬಿಟ್ಟು ತಾನಾಗಿ ಬೋಗುಣಿಗೆ ನೆಗೆಯುತ್ತದೆ. ಅಂದು ಬೆಳಿಗ್ಗೆ ನನ್ನಲ್ಲಿ ಕೋಪವೆಂಬುದು ಸಾಸಿವೆಯಷ್ಟೂ ಇರಲಿಲ್ಲ. ಮದ್ದೂರಮ್ಮನ ಹೆಸರು ಹೇಳಿಕೊಂಡು, ಪುಷ್ಯಮಾಸದ ಎಳೆಬಿಸಿಲಿಗೆ ಬೆನ್ನು ಕೊಟ್ಟು, ಜಗಲಿಯ ಮೇಲೆ ನಿಧಾನವಾಗಿ ಹಿತುಕುತ್ತಿದ್ದೆ. ಅರ್ಧ ಬೋಗುಣಿ ಆಗಿತ್ತು. ಮಿಕ್ಕರ್ಧವನ್ನು ಯಾವ ವೇಗದಲ್ಲಿ ಮುಗಿಸಿದೆನೆಂಬುದು ಮುಂದಿನ ಸಂಗತಿಯನ್ನು ಕೇಳಿದರೆ ನಿಮಗೇ ತಿಳಿಯುತ್ತದೆ.

"ಅಕ್ಕೋ, ಕಾಳ್ ಬುಟ್ಟು ಈಚೆಗ್ ಬಾ! ನಿಮ್ ಬಸ್ಸ ಎತ್ತು ಎಳ್ಕಂಡ್ ಬತ್ತಾವೆ!" ಎಂದು ಎದುರುಮನೆಯ ನಿಂಗವ್ವ ಬೀದಿಯ ತುದಿಯಿಂದಲೇ ಕೂಗಿದಳು. ಬೇರೆಯವರ ಕಷ್ಟವನ್ನು ಮದುವೆಯ ಓಲೆಯಂತೆ ಸಾರುವ ಗಂಟಲು ಅವಳದು.

ಹೊರಗೆ ಬಂದು ನೋಡಿದರೆ ನಿಜ. ಮದ್ದೂರಿನಿಂದ ಮಳವಳ್ಳಿಗೂ ಅಲ್ಲಿಂದ ಬೆಳಕವಾಡಿಗೂ ಓಡುವ ನಮ್ಮ ಬಸ್ಸು, ಎರಡು ಜೊತೆ ಎತ್ತುಗಳ ಹಿಂದೆ, ಬಲವಂತಕ್ಕೆ ಸಂತೆಗೆ ಹೊರಟ ಎಮ್ಮೆಯಂತೆ ಬರುತ್ತಿತ್ತು. ನಮ್ಮ ಯಜಮಾನರು ಒಳಗೆ ಸ್ಟೀರಿಂಗ್ ಚಕ್ರ ಹಿಡಿದು, ಎತ್ತುಗಳೂ ತಮ್ಮ ಎಂಜಿನ್ನಿನ ಭಾಗವೇ ಎಂಬಷ್ಟು ಗಾಂಭೀರ್ಯದಿಂದ ಕುಳಿತಿದ್ದರು. ಡ್ರೈವರ್ ಬೋರಯ್ಯ ಮಾತ್ರ ತಲೆಗೆ ವಲ್ಲಿ ಹೊದ್ದು, ಗುರುತಿನವರು ಯಾರೂ ನೋಡದಿರಲಿ ಎಂಬಂತೆ ಪಕ್ಕದಲ್ಲಿ ನಡೆಯುತ್ತಿದ್ದ. ಸುಗ್ಗಿಯ ಕಾಲವಾದ್ದರಿಂದ ಊರಿನ ಅರ್ಧ ಜನ ಕಣದಲ್ಲಿದ್ದರು. ಅದೊಂದು ನಾವು ಮಾಡಿದ ಪುಣ್ಯ.

ಅದು ಯುದ್ಧದ ಕಾಲ. ಪೆಟ್ರೋಲು ಕಣ್ಣಿಗೆ ಹಾಕಿಕೊಳ್ಳಲೂ ಸಿಗುತ್ತಿರಲಿಲ್ಲ. ಬಸ್ಸಿನ ಹಿಂಬದಿಗೆ ಕಬ್ಬಿಣದ ಹಂಡೆಯೊಂದನ್ನು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯಿಂದಲೇ ಎಂಜಿನ್ನು ನಡೆಸುತ್ತಿದ್ದರು. ಒಲೆಯೂದಿ ಒಲೆಯೂದಿ ನನ್ನ ಕಣ್ಣು ಕೆಂಪಾದಂತೆ ಬೋರಯ್ಯನ ಕಣ್ಣೂ ಕೆಂಪಾಗಿರುತ್ತಿತ್ತು. ಆ ದಾರಿಯಲ್ಲಿ ಓಡುತ್ತಿದ್ದ ಬೇರೆ ಬಸ್ಸುಗಳು ಟೈರಿಲ್ಲದೆಯೋ ಇದ್ದಿಲಿಲ್ಲದೆಯೋ ನಿಂತುಹೋಗಿದ್ದವು. ಉಳಿದದ್ದು ನಮ್ಮದೊಂದೇ. ಅದೂ ಈಗ ಎತ್ತಿನ ಬಾಲ ಹಿಡಿದು ಮನೆಗೆ ಬಂದಿತ್ತು.

ಬಸ್ಸು ನಿಂತರೆ ಹೆಂಗಸೊಬ್ಬಳಿಗೆ ಇಷ್ಟು ಉರಿಯಬೇಕೆ ಎಂದು ನೀವು ಕೇಳಬಹುದು. ಕೇಳಿ, ಹೇಳುತ್ತೇನೆ. ನನ್ನ ಒಬ್ಬಳೇ ಮಗಳು ಜಯಮ್ಮನನ್ನು ಬೆಳಕವಾಡಿಗೆ ಕೊಟ್ಟಿದ್ದೆವು. ಅವಳಿಗೆ ಆಗ ಏಳು ತಿಂಗಳು ತುಂಬುತ್ತಿತ್ತು. ಅಮಾವಾಸ್ಯೆ ಕಳೆದರೆ ಎಂಟನೆಯದು. ಎಂಟರಲ್ಲಿ ಗರ್ಭಿಣಿಯನ್ನು ಹೊಸಿಲು ದಾಟಿಸುವ ಪದ್ಧತಿ ನಮ್ಮಲ್ಲಿಲ್ಲ. ಒಂಬತ್ತರವರೆಗೆ ಕಾಯೋಣವೆಂದರೆ, ಆ ರಸ್ತೆಯನ್ನು ನೋಡಿದ ಯಾವ ತಾಯಿಯೂ ತುಂಬಿದ ಹೊಟ್ಟೆಯವಳನ್ನು ಅದರ ಮೇಲೆ ಹೊರಡಿಸಲಾರಳು. ಅಂದರೆ ಅಮಾವಾಸ್ಯೆಯೊಳಗೆ ಬಂದರೆ ಬಂದಳು, ಇಲ್ಲದಿದ್ದರೆ ಅಲ್ಲೇ. ಬೀಗಿತ್ತಿ ಕೆಟ್ಟವಳಲ್ಲ. ಆದರೆ ಆ ಮನೆಯಲ್ಲಿ ನೀರು ಹೊರುವುದಕ್ಕೂ ಭತ್ತ ಕುಟ್ಟುವುದಕ್ಕೂ ಬೇರೆ ಕೈಯಿಲ್ಲ, ಕಾಲುವೆಯಿಂದ ಮನೆಗೆ ಏರುದಾರಿ.

ಇದಕ್ಕಿಂತ ಹಿಂದೆಯೂ ಒಮ್ಮೆ ಅವಳು ಗರ್ಭಿಣಿಯಾಗಿದ್ದಳು. ಆಗ ಬಸ್ಸು ಇನ್ನೂ ನಮ್ಮದಾಗಿರಲಿಲ್ಲ, ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಬಂದಿದ್ದೆವು. ಕರೆತರಲು ಹೋದವರು ಇವರೇ. ಬೆಳಕವಾಡಿ ದಾಟಿ ಮಳವಳ್ಳಿಯ ಕಡೆಗೆ ಬರುವ ದಾರಿಯಲ್ಲಿ, ಮೋರಿಯ ಪಕ್ಕದ ಹಳ್ಳಕ್ಕೆ ಗಾಲಿ ಇಳಿಯಿತು. ನಾನು ಇಲ್ಲಿ ಹಂಡೆಗೆ ನೀರು ಕಾಯಿಸಿಟ್ಟು ದಾರಿ ನೋಡುತ್ತಿದ್ದೆ. ಬಂದವಳು ಮೈಕೈ ನೋವೆಂದು ಮಲಗಿದಳು. ಆ ಮಗು ನಮಗೆ ದಕ್ಕಲಿಲ್ಲ. ನಾನು ಅತ್ತು ಮುಗಿಸಿದೆ, ಅತ್ತೆಯವರು ದೇವರನ್ನು ಬಯ್ದು ಮುಗಿಸಿದರು. ಇವರು ಮಾತ್ರ ಆ ಬಗ್ಗೆ ಅಂದಿನಿಂದ ಒಂದು ಮಾತನ್ನೂ ಆಡಲಿಲ್ಲ. ಗಂಡಸರು ಬೇಗ ಮರೆಯುತ್ತಾರೆ ಎಂದುಕೊಂಡಿದ್ದೆ.

ಇಂಥ ಹೊತ್ತಿನಲ್ಲಿ ಬಸ್ಸು ಕೆಟ್ಟು ಬಂದರೆ, ಅವರೆಕಾಳು ನೆಗೆಯದೆ ಇನ್ನೇನು ಮಾಡೀತು?

ಬೋರಯ್ಯ ಜಗಲಿಯ ಮೇಲೆ ಕೂತು ರೋಗದ ವಿವರ ಕೊಟ್ಟ. ಎಂಜಿನ್ನಿನ ಮೂತಿಯ ಒಳಗೆ ಹಲ್ಲು ಹಲ್ಲಿನ ಎರಡು ಗಾಲಿಗಳಿರುತ್ತವಂತೆ, ಒಂದು ದೊಡ್ಡದು, ಒಂದು ಚಿಕ್ಕದು; ಎರಡನ್ನೂ ಒಂದು ಸರಪಳಿ ಬಳಸಿರುತ್ತದಂತೆ. ಟೈಮಿಂಗ್ ಚೈನು ಎಂದು ಅದರ ಹೆಸರು. ಹೊಗೆ ಯಾವಾಗ ಒಳಗೆ ಬರಬೇಕು, ಯಾವಾಗ ಉರಿಯಬೇಕು, ಯಾವಾಗ ಹೊರಗೆ ಹೋಗಬೇಕು ಎಂಬ ಕಾಲನಿಯಮವೆಲ್ಲ ಅದರ ಕೈಯಲ್ಲಿದೆಯಂತೆ. ಅದು ಹಳತಾಗಿ ಜೋತುಬಿದ್ದು, ಹಲ್ಲು ತಪ್ಪಿ, ಕೊನೆಗೆ ಕಡಿದುಹೋಗಿತ್ತು.

"ಒಂದು ಮನೇಲಿ ಸೊಸೆ ಎದ್ದೇಳೋ ಒತ್ತಿಗೆ ಅತ್ತೆ ಮಲೀಕೊಂಡ್ರೆ ಎಂಗಿರ್ತದೆ ಯೋಳಿ ಅವ್ವಾರೆ, ಅಂಗಾಗದೆ" ಎಂದ ಬೋರಯ್ಯ.

"ಅಂಗಾದ್ರೆ ಮನೆ ಸುಖವಾಗಿರ್ತದೆ ಕಣ್ಲಾ" ಎಂದು ಅತ್ತೆಯವರು ಒಳಗಿನಿಂದ ಉತ್ತರಿಸಿದರು.

ರಿಪೇರಿ ಮಾಡುವ ಮೇಸ್ತ್ರಿಗಳೆಲ್ಲ ಯುದ್ಧದ ಲಾರಿಗಳ ಕೆಲಸಕ್ಕೆ ಹೋಗಿದ್ದರು. ಮಂಡ್ಯದಲ್ಲಿ ಇದ್ದ ಒಬ್ಬನ ಬಾಗಿಲಲ್ಲಿ ಲಾರಿಗಳು ದರ್ಶನಕ್ಕೆ ನಿಂತ ಭಕ್ತರಂತೆ ನಿಂತಿದ್ದುವಂತೆ. "ನಾವೇ ಮಾಡ್ತೀವಿ, ಮನೇಲೇ ಮಾಡ್ತೀವಿ" ಎಂದರು ಇವರು. ಆ ಮಾತನ್ನು ಆಡುವಾಗ ಇವರ ಮುಖದಲ್ಲಿ ಒಂದು ಕಳೆ ಬಂತು. ಹಬ್ಬದ ದಿನ ಕಜ್ಜಾಯದ ವಾಸನೆ ಬಂದಾಗ ಬರುವ ಕಳೆ. ಗಂಡಸರಿಗೆ ಏನನ್ನಾದರೂ ಬಿಚ್ಚುವ ಅವಕಾಶ ಸಿಕ್ಕರೆ ಇಷ್ಟು ಆನಂದವಾಗುವುದೇಕೆ ಎಂಬುದನ್ನು ಯಾರಾದರೂ ಪಂಡಿತರು ವಿಚಾರಮಾಡಬೇಕು. ಸರಪಳಿಯೊಂದನ್ನು ಬದಲಾಯಿಸುವುದಕ್ಕೆಂದು ಕೂತವರು, ಬಿಚ್ಚಿದ ಮೇಲೆ ಇದನ್ನೂ ನೋಡಿಬಿಡೋಣ, ಅದನ್ನೂ ನೋಡಿಬಿಡೋಣ, ಇದ್ದಿಲಿನ ಮಸಿ ಕಟ್ಟಿದೆ ಉಜ್ಜಿಬಿಡೋಣ ಎಂದು, ಮೂರು ಬೊಂಬು ನೆಟ್ಟು, ಬಾವಿಯ ಹಗ್ಗ ಬಿಗಿದು, ಇಡೀ ಎಂಜಿನ್ನನ್ನೇ ಬಸ್ಸಿನ ಹೊಟ್ಟೆಯಿಂದ ಎತ್ತಿ ಕೆಳಗಿಳಿಸಿದರು.

ಇಳಿಸಿದ್ದು ಎಲ್ಲಿಗೆ ಎಂಬುದನ್ನು ಕೇಳಿ. ಮನೆಯ ಪಕ್ಕದ ಕೋಣೆಗೆ. ಆ ಕೋಣೆಗೆ ನಾನು ಹಿಂದಿನ ವಾರವಷ್ಟೇ ಸುಣ್ಣ ಬಳಿದು, ಗಾರೆ ನೆಲವನ್ನು ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿ, ಗಾಳಿ ಬಾರದಂತೆ ಕಿಟಕಿಗೆ ಗೋಣಿ ಕಟ್ಟಿ, ಬಾಣಂತನಕ್ಕೆಂದು ಸಿದ್ಧಪಡಿಸಿದ್ದೆ. ಎಂಜಿನ್ನಿನ ಒಳಗೆ ಒಂದು ಕಣ ಧೂಳೂ ಬೀಳಬಾರದು, ಆದ್ದರಿಂದ ಮನೆಯಲ್ಲಿ ಅತ್ಯಂತ ಶುದ್ಧವಾದ ಸ್ಥಳ ಬೇಕು ಎಂಬುದು ಇವರ ವಾದ. ನನ್ನ ಶುದ್ಧಿಯೇ ನನಗೆ ಶತ್ರುವಾಯಿತು. ಕೊಳಕು ಗೃಹಿಣಿಯಾಗಿದ್ದರೆ ಕೋಣೆ ಉಳಿಯುತ್ತಿತ್ತು.

"ಅದು ಮಗಳ ಬಾಣಂತಿ ಕೋಣೆ" ಎಂದೆ.

"ಬಸ್ಸಿಲ್ದೆ ಮಗಳು ಎಂಗ್ ಬತ್ತಾಳೆ? ಆರ್ಕೊಂಡಾ?" ಎಂದರು ಇವರು.

ಈ ಮಾತಿನಲ್ಲಿ ನ್ಯಾಯವಿತ್ತು. ನ್ಯಾಯವಿದ್ದ ಮಾತು ಕೋಪವನ್ನು ಕಡಿಮೆಮಾಡುತ್ತದೆ ಎಂದು ನಂಬಿರುವವರು ಮದುವೆಯಾಗದವರೇ ಇರಬೇಕು.

ಕೋಣೆಯ ಬೆನ್ನಿಗೇ ಪಾತ್ರೆಗಳೂ ಹೋದವು. ನಟ್ಟುಗಳು ನನ್ನ ಮೊರದಲ್ಲಿ ಕೂತವು. ಹಾಲು ಕಾಸುವ ತಪ್ಪಲೆಯಲ್ಲಿ ಕಪ್ಪು ಎಣ್ಣೆ ತುಂಬಿತು. ಒನಕೆ ಸನ್ನೆಗೋಲಾಯಿತು. ನಾನು ರೇಷನ್ ಕಾರ್ಡು ಹಿಡಿದು, ಅಂಗಡಿಯ ಮುಂದೆ ಬಿಸಿಲಲ್ಲಿ ನಿಂತು, ಗೌಡರ ಮನೆಯ ಹೆಂಗಸೂ ಸಾಲಿನಲ್ಲಿ ನಿಂತಳೆಂಬ ಮಾತು ಕೇಳಿಸಿಕೊಂಡು ತಂದ ಸೀಮೆಎಣ್ಣೆ, ಬಾಣಂತಿಯ ದೀಪಕ್ಕೆಂದು ಕೂಡಿಟ್ಟ ಸೀಮೆಎಣ್ಣೆ, ಕಬ್ಬಿಣದ ಅಭ್ಯಂಜನಕ್ಕೆ ಹೋಯಿತು. ಇಷ್ಟರ ಮೇಲೆ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಲಕ್ಷ್ಮಿಯನ್ನು ಇವರು ಕತ್ತರಿ ಹಿಡಿದು ನೋಡುತ್ತಿದ್ದರು. ಮುಚ್ಚಳದ ನಡುವೆ ಎಣ್ಣೆ ಸೋರದಂತೆ ಇಡಲು ದಪ್ಪ ಕಾಗದ ಬೇಕಂತೆ. ಆಗ ನಾನು ಅಡುಗೆಮನೆಯಿಂದ ಈಳಿಗೆಮಣೆಯನ್ನೇ ಎತ್ತಿಕೊಂಡು ಬಂದೆ. ಹೊಡೆಯುವುದಕ್ಕಲ್ಲ, ಕುಂಬಳಕಾಯಿ ಹೆಚ್ಚುವುದರ ನಡುವೆ ಎದ್ದು ಬಂದದ್ದರಿಂದ. ಇವರು ಬೇರೆ ಅರ್ಥಮಾಡಿಕೊಂಡು ಕತ್ತರಿಯನ್ನು ಕೆಳಗಿಟ್ಟರು. ತಪ್ಪು ತಿಳಿವಳಿಕೆಯಿಂದಲೂ ಒಮ್ಮೊಮ್ಮೆ ದೇವರು ಉಳಿಯುತ್ತಾನೆ.

ಹಳೆಯ ಸರಪಳಿಯ ತುಂಡುಗಳನ್ನು ತೆಗೆಯುವ ಮುನ್ನ ಬೋರಯ್ಯ ಒಂದು ಎಚ್ಚರಿಕೆ ಕೊಟ್ಟ. ಎರಡೂ ಗಾಲಿಗಳ ಅಂಚಿನಲ್ಲಿ ಚುಚ್ಚಿದ ಹಾಗೆ ಒಂದೊಂದು ಸಣ್ಣ ಗುಳಿ ಇದೆ. ಹೊಸ ಸರಪಳಿ ಹಾಕುವಾಗ ಆ ಎರಡು ಗುಳಿಗಳು ಒಂದಕ್ಕೊಂದು ಎದುರಾಗಿ, ಬೀಗರು ಬೀಗರು ನಿಂತ ಹಾಗೆ ನಿಲ್ಲಬೇಕು. ಒಂದು ಹಲ್ಲು ಆಚೀಚೆಯಾದರೂ ಎಂಜಿನ್ನು ಏಳುವುದಿಲ್ಲ. ಹಳೆಯ ಗಾಲಿಗಳಾದ್ದರಿಂದ ಹಿಂದಿನ ಮೇಸ್ತ್ರಿಗಳು ಉಳಿಯಲ್ಲಿ ಹೊಡೆದ ಗಾಯಗಳು ಮೈತುಂಬ ಇದ್ದವು, ಸಿಡುಬು ಬಂದ ಮುಖದ ಹಾಗೆ. ನಿಜವಾದ ಗುಳಿ ಯಾವುದೆಂದು ಬೋರಯ್ಯ ತಡಕಿ ಹುಡುಕಿದ. ಗುರುತಿಗೆ ಬಣ್ಣ ಬೇಕೆಂದ. ಯುದ್ಧದಲ್ಲಿ ಬಣ್ಣವೆಲ್ಲಿ? ಇವರು ಅತ್ತೆಯವರ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತಂದು, ಎರಡೂ ಗುಳಿಗಳಿಗೆ ಬೆರಳಿನಲ್ಲಿ ಒತ್ತಿ ತುಂಬಿದರು. ಕಪ್ಪು ಗಾಲಿಯಲ್ಲಿ ಬಿಳಿಯ ಬೊಟ್ಟು ನಕ್ಷತ್ರದಂತೆ ಕಾಣುತ್ತಿತ್ತು. "ಇನ್ನು ಕುಲ್ಡನೂ ಜೋಡಿಸ್ಬೌದು" ಎಂದರು ಇವರು.

ಬೋರಯ್ಯ ಮೈಸೂರಿಗೆ ಹೋಗಿ, ಹಳೆಯ ಸಾಮಾನಿನ ಅಂಗಡಿಗಳನ್ನೆಲ್ಲ ಅಲೆದು, ಯಾವುದೋ ಕೆಟ್ಟ ಲಾರಿಗೆಂದು ಬಂದು ಉಳಿದಿದ್ದ ಸರಪಳಿಯೊಂದನ್ನು ಹುಡುಕಿ ತಂದ. ತಂದವನು ಅದನ್ನು ಜಗಲಿಯ ಮೇಲಿಟ್ಟು, ಮನೆಗೆ ಹೋಗಿ ಒಂದು ತುತ್ತು ಉಂಡು ಬರುತ್ತೇನೆಂದು ಹೋದ. ಅಷ್ಟರಲ್ಲಿ ಅತ್ತೆಯವರು ಎದ್ದರು.

"ಒಸ ಕಬ್ಣ ಮನೆಗ್ ಬಂದದೆ. ಪೂಜೆ ಇಲ್ದೆ ಮುಟ್ಟೀಯಾ ಮಗ? ಅಳೇದು ಯಾಕ್ ಕಡೀತು? ಆಯುದ್ಪೂಜೆ ದಿನ ನೀನು ಬಸ್ಸಿಗೆ ಬರೀ ಊದ್ಗಡ್ಡಿ ತೋರ್ಸ್ದೆ. ಅದ್ಕೇ."

ಮಾಮೂಲು ದಿನವಾಗಿದ್ದರೆ ಇವರು ನಗುತ್ತಿದ್ದರು. ಅಂದು ನಗಲಿಲ್ಲ. ಅಮಾವಾಸ್ಯೆ ಹತ್ತಿರವಾಗಿತ್ತು. "ಆಗ್ಲಿ ಮಾಡವ್ವ" ಎಂದರು. ದೇವರ ಮುಂದೆ ಇಡುವ ಯಾವ ವಸ್ತುವನ್ನಾದರೂ ತೊಳೆಯದೆ ಇಡುವುದುಂಟೆ? ಅತ್ತೆಯವರು ಹೊಸ ಸರಪಳಿಯ ಜೊತೆಗೆ ಎರಡೂ ಗಾಲಿಗಳನ್ನೂ ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿ, ಸುತ್ತಲೂ ಮನಸ್ಸಿಗೆ ತೃಪ್ತಿಯಾಗುವಷ್ಟು ಕುಂಕುಮದ ಬೊಟ್ಟು ಇಟ್ಟು, ಚೆಂಡುಹೂ ಮುಡಿಸಿ, ಕಾಯಿ ಒಡೆದು ಮಂಗಳಾರತಿ ಮಾಡಿದರು. ನಾನೂ ಕೈಮುಗಿದೆ, ಸುಳ್ಳು ಹೇಳುವುದಿಲ್ಲ. ಬಾಣಂತಿ ಕೋಣೆಯಲ್ಲಿ ತೊಟ್ಟಿಲಿಗಿಂತ ಮೊದಲು ಹಲ್ಲುಗಾಲಿಗೆ ಆರತಿಯಾದದ್ದನ್ನು ನುಂಗಿಕೊಂಡು ಕೈಮುಗಿದೆ.

ಬೋರಯ್ಯ ಊಟ ಮುಗಿಸಿ ಬರುವವರೆಗೆ ಕಾಯುವ ತಾಳ್ಮೆ ಇವರಿಗಿರಲಿಲ್ಲ. ಸುಣ್ಣದ ಬೊಟ್ಟಿನ ಮೇಲೆಯೇ ಅವ್ವ ಕುಂಕುಮ ಇಟ್ಟಿದ್ದಾಳೆ ಎಂದುಕೊಂಡು, ದೊಡ್ಡ ಗಾಲಿಯ ದೊಡ್ಡ ಬೊಟ್ಟನ್ನು ಚಿಕ್ಕ ಗಾಲಿಯ ದೊಡ್ಡ ಬೊಟ್ಟಿಗೆ ಎದುರಾಗಿ ನಿಲ್ಲಿಸಿ, ಸರಪಳಿ ತೊಡಿಸಿ, ಎಂಜಿನ್ನಿನ ಬಾಯಿ ಮುಚ್ಚಿಬಿಟ್ಟರು. ಬಂದ ಬೋರಯ್ಯ, "ಗುರುತು ಸರಿಯಾಗ್ ನೋಡುದ್ರಾ ಗೌಡ್ರೇ?" ಎಂದು ಕೇಳಿದ್ದಕ್ಕೆ, "ಕೆಂಪಗೆ ಒಳೀತಿತ್ತು ಕಣಯ್ಯ" ಎಂದರು.

ಬೊಂಬು, ಹಗ್ಗ, ಒನಕೆ, ಬೀದಿಯ ಗಂಡಸರ ಭುಜ, ಎಲ್ಲವೂ ಸೇರಿ ಎಂಜಿನ್ನು ಮತ್ತೆ ಬಸ್ಸಿನ ಒಳಗೆ ಕೂತಿತು. ಇದ್ದಿಲ ಹಂಡೆಗೆ ಬೆಂಕಿ ಹಾಕಿದರು. ನಿಂಗವ್ವ ಮೊದಲ್ಗೊಂಡು ಬೀದಿಯೇ ನೆರೆಯಿತು. ಇವರು ಪಂಚೆ ಎತ್ತಿ ಕಟ್ಟಿ, ಬಸ್ಸಿನ ಮೂತಿಗೆ ಹ್ಯಾಂಡಲು ಸಿಕ್ಕಿಸಿ, ಮನೆದೇವರನ್ನು ನೆನೆದು ತಿರುಗಿಸಿದರು. ಎಂಜಿನ್ನು ಒಮ್ಮೆ ಕೆಮ್ಮಿತು. ಮತ್ತೆ ತಿರುಗಿಸಿದರು. ಢಂ ಎಂದು ಒಂದು ಸದ್ದಾಯಿತು ನೋಡಿ, ಆಡುಗಳು ಹಗ್ಗ ಕಿತ್ತವು, ಸುರುಳಿ ಸುರುಳಿ ಹೊಗೆ ಬಂತು, ಹ್ಯಾಂಡಲು ಹಿಂದಕ್ಕೆ ಒದ್ದು ಇವರ ಮಣಿಕಟ್ಟು ಉಳುಕಿತು. ಮೂಳೆ ಮುರಿಯಲಿಲ್ಲ, ಅದನ್ನೂ ಪುಣ್ಯದ ಲೆಕ್ಕಕ್ಕೆ ಬರೆದುಕೊಂಡೆ.

"ಗೌಡ್ರೇ, ಯುದ್ದ ಇಲ್ಲೀಗಂಟ ಬಂದ್ಬುಡ್ತಾ?" ಎಂದಿತು ಗುಂಪಿನಿಂದ ಒಂದು ದನಿ.

ಮಾನ ಹೋದ ಗಂಡಸು ಮೊದಲು ಹುಡುಕುವುದು ಹೆಂಡತಿಯನ್ನು. ಇವರು ಮಣಿಕಟ್ಟು ಹಿಡಿದು ನೇರವಾಗಿ ಹಿತ್ತಿಲಿಗೆ ಬಂದರು. ನಾನು ಬರಲಿರುವ ಮಗಳ ಸ್ನಾನಕ್ಕೆಂದು ನೆನೆಸಿದ ಅರಿಸಿನದ ಕೊಂಬುಗಳನ್ನು ಕಲ್ಲಿನ ಮೇಲೆ ಅರೆಯುತ್ತಿದ್ದೆ.

"ಲೇ, ನೀನೇನಾರ ಆ ಕೋಣೆ ಒಳೀಕೆ ಓಗಿದ್ದಾ? ಮೈಲಿಗೇಲಿ ಮುಟ್ಟಿದ್ದಾ?"

ನಾನು ಸಾಮಾನ್ಯವಾಗಿ ಎದುರಾಡುವವಳಲ್ಲ ಎಂದು ಇಲ್ಲಿ ಬರೆಯಬೇಕೆಂದಿದ್ದೆ. ನಮ್ಮ ಬೀದಿಯವರು ಯಾರಾದರೂ ಓದಿದರೆ ನಗುತ್ತಾರೆಂದು ಬಿಟ್ಟಿದ್ದೇನೆ. ಎದ್ದು ನಿಂತೆ.

"ನನ್ ಮನೆ, ನನ್ ಕೋಣೆ, ನನ್ ತಪ್ಪಲೆ, ನನ್ ಸೀಮೆಣ್ಣೆ! ಎಲ್ಲಾನೂ ಮಸಿ ಮಾಡ್ಬುಟ್ಟು, ಈಗ ನನ್ನ ಮೈಲಿಗೆ ಅಂತೀರಾ? ನಿಮ್ ಕಬ್ಣ ಮುಟ್ಟಿದ್ರೆ ನಾನೇ ಮೈಲಿಗೆ ಆಗ್ತಿದ್ದೆ! ಸಾಕು ನಿಮ್ ಆಟ. ನಾಳಿಕ್ ಬುಟ್ರೆ ನಾಡಿದ್ದು ಅಮಾಸೆ. ಗಾಡಿ ಕಟ್ಟಿ. ಉಲ್ಲು ಆಸಿ, ಮೇಲೆ ಜಮಖಾನ ಆಸಿ, ನಾನೇ ಓಗ್ ಕರ್ಕಂಡ್ ಬತ್ತೀನಿ."

"ಗಾಡಿ ಕಟ್ಟಾಕಿಲ್ಲ."

"ಯಾಕ್ ಕಟ್ಟಾಕಿಲ್ಲ? ಬಸ್ಸಿನ್ ಗೌಡ್ರು ಗಾಡೀಲಿ ಓದ್ರೆ ಮಾನ ಓದದಾ?"

ಇವರು ಮೆಲ್ಲಗೆ, "ಅವತ್ತು ಮೂಗುದಾರ ನನ್ ಕೈಲಿತ್ತು ಕಣೆ" ಎಂದರು. "ಅಳ್ಳ ಕಾಣ್ತು. ಎಳ್ದೆ. ಎತ್ತು ನಿಲ್ನಿಲ್ಲ. ಈಗ್ಲೂವೆ ಕಣ್ ಮುಚ್ಚುದ್ರೆ ಆ ಗಾಲಿ ಇಳೀತದೆ. ಇನ್ನೊಂದ್ಸಲ ಆ ಮಗೀನ ಗಾಡೀಲಿ ಕೂರ್ಸಾಕೆ ನನ್ ಕೈಲಾಗಾಕಿಲ್ಲ." ಇಷ್ಟು ಹೇಳಿ ಬೀದಿಯ ಕಡೆಗೆ ಹೊರಟುಹೋದರು.

ಇಂಥ ಕಡೆ ಕೋಪವೆಲ್ಲ ಇಳಿದು ಕಣ್ಣೀರು ಹರಿಯಿತು ಎಂದು ಬರೆಯುವುದು ವಾಡಿಕೆ. ನನಗೆ ಕೋಪ ಇನ್ನೂ ಏರಿತು. ಇಷ್ಟು ಕಾಲ ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡುಕೊಂಡು, ಆ ಹಳ್ಳವನ್ನು ಒಬ್ಬರೇ ಎದೆಯಲ್ಲಿಟ್ಟುಕೊಂಡು ಓಡಾಡಿದರಲ್ಲ. ತಮ್ಮ ದುಃಖದಲ್ಲಿ ನನಗೆ ಪಾಲು ಕೊಡದೆ ನಾನು ಒಬ್ಬಳೇ ಅಳುವ ಹಾಗೆ ಮಾಡಿದರಲ್ಲ! ಮಗುವನ್ನು ಮರೆತವರೆಂದು ಇವರನ್ನು ಮನಸ್ಸಿನಲ್ಲಿ ಎಷ್ಟು ಬಾರಿ ಬಯ್ದಿದ್ದೆನೋ, ಆ ಬಯ್ಗುಳವೆಲ್ಲ ವ್ಯರ್ಥವಾಯಿತಲ್ಲ! ಕಬ್ಬಿಣದ ನಡುವೆ ಇವರು ಆಡುತ್ತಿದ್ದಾರೆಂದು ನಾನು ತಿಳಿದಿದ್ದೆ. ಇವರು ಅಲ್ಲಿ ಅಡಗಿಕೊಂಡಿದ್ದರು.

ಬೀದಿಯಲ್ಲಿ ಬೋರಯ್ಯ ಬಸ್ಸಿನ ಮೂತಿಯನ್ನು ಮತ್ತೆ ಬಿಚ್ಚಿದ್ದ. ಮುಚ್ಚಳ ತೆಗೆದು ನೋಡಿದವನೇ ಹಣೆ ಬಡಿದುಕೊಂಡ. ಕುಂಕುಮದ ಬೊಟ್ಟುಗಳು ಎಲ್ಲೆಲ್ಲೂ ಇದ್ದವು. ಸುಣ್ಣದ ಬೊಟ್ಟು ಎಲ್ಲಿಯೂ ಇರಲಿಲ್ಲ. ಕುಂಕುಮವನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ದೊಡ್ಡ ಗಾಲಿಯನ್ನು ಕಳಚಿ, ಒಣಬಟ್ಟೆಯಲ್ಲಿ ಒರೆಸಿ ನೋಡಿದರೆ ಬರೀ ಗಾಯಗಳು, ಬರೀ ಗುಳಿಗಳು. ಒಂದೊಂದನ್ನೇ ಹೊಂದಿಸಿ ನೋಡುತ್ತ ಕೂತರೆ ಯುಗಾದಿ ಬರುತ್ತದೆ ಎಂದ. ಅತ್ತೆಯವರು, "ನಾನ್ ದೇವ್ರಿಗ್ ಇಟ್ಟಿದ್ ಕುಂಕುಮ್ವ, ನಿಮ್ ಎಂಜಿನ್ನಿಗಲ್ಲ" ಎಂದು ಜಗಲಿಯಿಂದ ತೀರ್ಪು ಕೊಟ್ಟರು.

ಆ ಗಾಲಿಯನ್ನು ಬೋರಯ್ಯ ಇಟ್ಟದ್ದು ಎಲ್ಲಿ ಗೊತ್ತೆ? ನನ್ನ ಊಟದ ಗಂಗಾಳದಲ್ಲಿ. ತವರಿನಿಂದ ಬಂದ ಗಂಗಾಳ. ಅದನ್ನು ಕಂಡದ್ದೇ ತಡ, ಒದ್ದೆ ಅರಿಸಿನದ ಕೈಯನ್ನೂ ತೊಳೆಯದೆ ಗಾಲಿಯನ್ನು ಬಾಚಿ ಎತ್ತಿದೆ, ಬೀದಿಗೆ ಎಸೆಯಬೇಕೆಂದೇ ಎತ್ತಿದೆ. ಭಾರಕ್ಕೆ ಕೈ ಜಾರಿತು, ಎದೆಗೆ ಅವುಚಿಕೊಂಡೆ. ಹಳದಿ ಬಳಿದ ಅಂಚಿನಲ್ಲಿ ಒಂದು ಕಡೆ, ಒಂದೇ ಒಂದು ಕಡೆ, ರಕ್ತದ ಹನಿಯಂತೆ ಕೆಂಪಗಾಯಿತು. ಬೆರಳು ಕುಯ್ದಿತೆಂದು ನೋಡಿಕೊಂಡೆ. ಕುಯ್ದಿರಲಿಲ್ಲ. ಸೆರಗಿನಲ್ಲಿ ಒರೆಸಿ ಮತ್ತೆ ಅರಿಸಿನ ಹಚ್ಚಿದೆ. ಮತ್ತೆ ಅಲ್ಲೇ ಕೆಂಪು.

ಆರತಿಯ ಓಕುಳಿ ಕದಡಿದ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪು. ಅತ್ತೆಯವರ ತೊಳೆತಕ್ಕೂ ಬೋರಯ್ಯನ ಸೀಮೆಎಣ್ಣೆಗೂ ಸಿಗದೆ, ಗುಳಿಯ ತಳದಲ್ಲಿ ಒಂದಿಷ್ಟು ಸುಣ್ಣ ಅವಿತು ಕೂತಿತ್ತು.

"ಬೋರಯ್ಯ, ಇಲ್ ನೋಡೋ! ಆ ಚಿಕ್ಕ ಗಾಲಿಗೂ ಅರಿಸ್ನ ಬಳೀ!"

ಬಳಿದರು. ಅದರಲ್ಲೂ ಒಂದು ಕಡೆ ಕೆಂಪಾಯಿತು. ಬೋರಯ್ಯ ಬಾಯಿ ಬಿಟ್ಟುಕೊಂಡು ನನ್ನನ್ನೂ ಗಾಲಿಯನ್ನೂ ನೋಡಿದ. "ಅವ್ವಾರೆ, ನೀವ್ ಎಸೀಬೇಕೂಂತ್ಲೇ ಎತ್ತಿದ್ದಲ್ವಾ?" ಎಂದ. ಹೌದೆಂದೆ. ದೇವರು ನನ್ನ ಭಕ್ತಿಯನ್ನು ಬಿಟ್ಟು ನನ್ನ ಸಿಟ್ಟನ್ನು ಕೆಲಸಕ್ಕೆ ಹಚ್ಚಿಕೊಂಡದ್ದು ನನಗೆ ಇಂದಿಗೂ ಸ್ವಲ್ಪ ನಾಚಿಕೆಯ ವಿಷಯ.

ಆ ಎರಡು ಕೆಂಪು ಗುಳಿಗಳನ್ನು ಎದುರುಬದುರು ನಿಲ್ಲಿಸಿ ಸರಪಳಿ ತೊಡಿಸಿದ್ದಾಯಿತು. ಮರುದಿನ ಬೆಳಿಗ್ಗೆ ಎಂಜಿನ್ನು ಹೊತ್ತಿಕೊಂಡು ಒಂದೇ ಸಮನೆ ಗುಡುಗುಟ್ಟತೊಡಗಿತು. ಪುಣ್ಯದ ಹಂಚಿಕೆಯೂ ಆಗಲೇ ಆಯಿತು. ಅತ್ತೆಯವರು ತಮ್ಮ ಪೂಜೆ ಎಂದರು. ಸುಣ್ಣವೂ ತಮ್ಮದೇ ಎಂದು ಸೇರಿಸಿದರು. ಇವರು ತಮ್ಮ ಜೋಡಣೆ ಎಂದರು. ನನ್ನ ಪಾಲಿಗೆ ಎಣ್ಣೆ ಮೆತ್ತಿದ ಗಂಗಾಳ ಬಂತು. ಆದರೆ ಇವರು, "ದಾರೀಲಿ ಜನ ಕಾಯ್ತಾವ್ರೆ, ಒಂದು ಸುತ್ತು ಮಳವಳ್ಳಿಗೆ ಓಗ್ ಬಂದು ಆಮೇಲೆ..." ಎಂದು ಬಾಯಿ ತೆರೆಯುವಷ್ಟರಲ್ಲಿ ನಾನು ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ, ಗಂಡಸರು ಕೂರುವ ಜಾಗದಲ್ಲಿ, ಮಡಿಲಕ್ಕಿಯ ಗಂಟು ತೊಡೆಯ ಮೇಲಿಟ್ಟು ಕೂತಿದ್ದೆ. ಇಳಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಬೆಳಕವಾಡಿಯಲ್ಲಿ ಬೀಗಿತ್ತಿ, "ಇವತ್ತೇ ಬಂದ್ರಾ? ನಾಳಿಕ್ ಅಮಾಸೆ, ಇನ್ನೇನ್ ಕಳ್ಸಾಕಾಯ್ತದೆ ಅಂದ್ಕಂಡಿದ್ದೆ" ಎಂದಳು. ಜಯಮ್ಮ ಕೊಡ ಇಳಿಸಿ ಬಂದಳು. ಕಾಲು ಊದಿತ್ತು. ನಾನು ಬಾಯಿ ಬಿಟ್ಟಿದ್ದರೆ ಬೀಗತನ ಅಲ್ಲಿಗೇ ಮುಗಿಯುತ್ತಿತ್ತು. ಮಡಿಲು ತುಂಬಿ, ಬಸ್ಸಿನ ನಡುವೆ, ಅದುರು ಕಡಿಮೆಯಿರುವ ಕಡೆ, ಹುಲ್ಲು ತುಂಬಿದ ಗೋಣಿಗಳ ಮೇಲೆ ಅವಳನ್ನು ಕೂರಿಸಿಕೊಂಡೆ.

ಊರು ದಾಟಿದ್ದೇ ಇವರು ಬೋರಯ್ಯನಿಗೆ ಬಸ್ಸು ನಿಲ್ಲಿಸು ಎಂದರು. ಇಳಿದರು. ಉಳುಕಿದ ಕೈಗೆ ಬಟ್ಟೆ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಕೋಲು ಹಿಡಿದು, ಬಸ್ಸಿನ ಮುಂದೆ ನಡೆಯತೊಡಗಿದರು. ಹಳ್ಳ ಬಂದಲ್ಲಿ ನಿಂತು ಕೋಲಿನಿಂದ ಆಳ ನೋಡಿ, ಎಡಕ್ಕೆ ಬಾ, ಬಲಕ್ಕೆ ಬಾ ಎಂದು ಬೋರಯ್ಯನಿಗೆ ಸನ್ನೆ ಮಾಡುತ್ತ, ದೊಡ್ಡ ಹಳ್ಳವಾದರೆ ಕಲ್ಲು ಆಯ್ದು ತುಂಬುತ್ತ, ಉತ್ಸವಮೂರ್ತಿಯ ಮುಂದೆ ನಡೆಯುವ ಪಂಜಿನವನಂತೆ ನಡೆದರು. ಹಿಂದಿನ ಸೀಟಿನ ಜನಕ್ಕೆ ನಗು. "ಗೌಡ್ರೇ, ಟಿಕೀಟಿಗ್ ಕಾಸ್ ಕೊಟ್ಟೋರು ನಾವು, ನಡಿಯೋರು ನೀವಾ?" ಎಂದನೊಬ್ಬ. "ಇಂಗೋದ್ರೆ ಮಳವಳ್ಳಿ ಸೇರಾ ಒತ್ಗೆ ಮೊಗ ಉಟ್ಟಿ ಇಸ್ಕೂಲಿಗ್ ಓಯ್ತದೆ" ಎಂದಳು ಸಂತೆಯ ಮುದುಕಿಯೊಬ್ಬಳು. ಇವರು ತಿರುಗಿ ನೋಡಲಿಲ್ಲ. ಮೋರಿಯ ಹತ್ತಿರ ಬಂದಾಗ ನಿಂತರು. ಆ ಹಳ್ಳ ಇನ್ನೂ ಅಲ್ಲೇ ಇತ್ತು.

"ಅಪ್ಪಯ್ಯ ಯಾಕವ್ವ ಅಂಗ್ ನಿಂತದೆ?" ಎಂದಳು ಜಯಮ್ಮ.

"ಕಲ್ಲು ಉಡುಕ್ತಾವ್ರೆ, ಸುಮ್ಕಿರು" ಎಂದೆ.

ಒಂದೇ ಕೈಯಲ್ಲಿ ಕಲ್ಲು ಹೊರುತ್ತಿದ್ದುದನ್ನು ನೋಡಿ, ನಗುತ್ತಿದ್ದವರಲ್ಲಿ ಒಬ್ಬಿಬ್ಬರು ಇಳಿದು ಹೋದರು. ಹಳ್ಳ ತುಂಬಿತು. ಬಸ್ಸು ಮೋರಿ ದಾಟುವಾಗ ನನ್ನ ಕೈ ಮಗಳ ಹೊಟ್ಟೆಯ ಮೇಲಿತ್ತು. ಒಳಗಿನಿಂದ ಒಂದು ಒದೆ ಬಿತ್ತು, ಎಂಜಿನ್ನಿನ ಹ್ಯಾಂಡಲು ಒದ್ದಷ್ಟೇ ಜೋರಾಗಿ. ಮಳವಳ್ಳಿಯವರೆಗೂ ಇವರು ನಡೆದೇ ಬಂದರು. ಹೊಟ್ಟೆಯೊಳಗಿನ ಕೂಸನ್ನು ಕಾಯುವುದು ತಾಯಂದಿರ ಪಾಡು, ಗಂಡಸರು ಹೆಸರಿಡುವ ದಿನ ಬಂದು ಕೂರುತ್ತಾರೆ ಎಂದು ನಾನು ಅದುವರೆಗೆ ಹೇಳಿಕೊಂಡು ಬಂದಿದ್ದೆ. ಅಂದಿನಿಂದ ಆ ಮಾತನ್ನು ಆಡುವಾಗ ಸ್ವಲ್ಪ ತಡವರಿಸುತ್ತೇನೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆಯವರು ಮೊಮ್ಮಗಳಿಗೆ ದೃಷ್ಟಿ ತೆಗೆದು ಒಳಗೆ ಕರೆದುಕೊಂಡರು. ಇವರು ಜಗಲಿಯ ಮೇಲೆ ಧೂಳುಗಾಲು ಚಾಚಿ ಕುಳಿತು, "ಎಂಜಿನ್ನು ಎಂಗ್ ಓಡ್ತು ನೋಡ್ದಾ?" ಎಂದರು.

"ನೋಡ್ದೆ" ಎಂದೆ. "ಆ ಕೋಣೇಲಿ ಇನ್ನೂ ಎಣ್ಣೆ ಗೋಣಿ ಬಿದ್ದವೆ. ಎತ್ತಿ ಈಚೆಗಾಕಿ. ನೆಲಾನೂ ನೀವೇ ಉಜ್ಜಿ, ಒಂದ್ ಕೈಲಾದ್ರೂ ಸರಿ."

ಇವರು ಎದ್ದು ಕೋಣೆಗೆ ಹೋದರು. ಒಳಗಿನಿಂದ ಗೋಣಿ ಎಳೆಯುವ ಸದ್ದು ಬಂತು. ಜಯಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ, "ಅವ್ವಾ, ಅಸಿವು" ಎಂದಳು. ಒಲೆಗೆ ಎರಡು ಕೊರಡು ಸೌದೆ ಒಟ್ಟಿ, ಮುದ್ದೆಗೆ ಎಸರಿಟ್ಟು, ರಾಗಿಹಿಟ್ಟನ್ನು ಎಂದಿಗಿಂತ ಒಂದು ಹಿಡಿ ಹೆಚ್ಚಾಗಿ ಅಳೆದುಕೊಂಡೆ.